ಅಪ್ಪ ಕಾಯ್ದ ಕೆಂಪು ನೆಲದ ಊರು

ಜೋಗುಪಾಳ್ಯದ ಸಂದಿಗಳಲ್ಲಿ ಆಗ ಕಂಪ್ಯೂಟರ್ ಇದ್ದ ಮನೆಗಳು ಬೆರಳೆಣಿಕೆಯಷ್ಟು. ಆಟ ಆಡಬೇಕೆನ್ನಿಸಿದ ಹುಡುಗರು ಹಲಸೂರಿನ ಸೈಬರ್ ಸೆಂಟರಿಗೆ ಹೋಗಿ ಗಂಟೆ ಲೆಕ್ಕದಲ್ಲಿ ಕೂತು ಬರುತ್ತಿದ್ದರು. ಹುಡುಗಿಯರು ಹೋಗುತ್ತಿರಲಿಲ್ಲ. ನಾವು ವಠಾರದ ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದೆವು, ನಲ್ಲಿಯಲ್ಲಿ ನೀರು ಬಂದಾಗ ಆಟ ಬಿಟ್ಟು ಕೊಡ ಹಿಡಿಯುತ್ತಿದ್ದೆವು. ಅಂಥ ವಠಾರದಲ್ಲಿ ಬೆಳೆದವರಿಗೆ ಆ ನಲ್ಲಿಯ ಸದ್ದು ಈಗಲೂ ಕಿವಿಯಲ್ಲಿ ಇದ್ದೇ ಇರುತ್ತದೆ. ಅಂಥ ಕಾಲದಲ್ಲಿ, ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ, ನಮ್ಮ ಒಂದೇ ಕೋಣೆಯ ಮನೆಗೆ ಕಂಪ್ಯೂಟರ್ ಬಂತು. ಅದಕ್ಕೂ ಮುಂಚೆ ಅಪ್ಪನ ಕಾಲು ಮುರಿದಿತ್ತು.

ಅಪ್ಪ ಗೌಂಡಿ. ಲಿಂಗಸುಗೂರು ಕಡೆಯಿಂದ ನಾವು ಬೆಂಗಳೂರಿಗೆ ಬಂದಾಗ ನನಗೆ ಮೂರು ವರ್ಷವಂತೆ. ಅಲ್ಲಿಂದ ಅಪ್ಪ ಈ ಊರಿನ ಪೂರ್ವದ ದಿಕ್ಕಿಗೆಲ್ಲ ಗೋಡೆ ಕಟ್ಟುತ್ತಲೇ ಇದ್ದ. ಬೆಳಗ್ಗೆ ನಾನು ಏಳುವ ಮೊದಲೇ ಹೋಗುತ್ತಿದ್ದ, ಸಂಜೆ ಬಂದರೆ ಉಂಡು ಮಲಗುತ್ತಿದ್ದ. ಅಪ್ಪನ ಮುಖಕ್ಕಿಂತ ಅವನ ಅಂಗಿಯ ಸಿಮೆಂಟಿನ ವಾಸನೆ ನನಗೆ ಚೆನ್ನಾಗಿ ಗೊತ್ತಿತ್ತು. ಭಾನುವಾರ ಮಾತ್ರ ಮನೆಯಲ್ಲಿ ಸದ್ದಿರುತ್ತಿತ್ತು, ಯಾಕೆಂದರೆ ಭಾನುವಾರ ದುರ್ಗಪ್ಪ ಕಾಕಾ ಬರುತ್ತಿದ್ದ. ಅವನು ನಮ್ಮೂರಿನವನೇ, ಅಪ್ಪನ ಕೈಕೆಳಗೆ ಕೆಲಸ ಕಲಿತವನು. ಪೇಪರಿನಲ್ಲಿ ಕಟ್ಟಿದ ಮಿರ್ಚಿ ತರುತ್ತಿದ್ದ. ಮಂಡಾಳ, ಅಂದರೆ ಮಂಡಕ್ಕಿ, ಒಗ್ಗರಣೆ ಮಾಡೆಂದು ಅವ್ವನಿಗೆ ಗಂಟು ಬೀಳುತ್ತಿದ್ದ.

ಇಂದಿರಾನಗರದಲ್ಲಿ ಮನೆಯೊಂದರ ಎರಡನೇ ಮಹಡಿ ಕಟ್ಟುವಾಗ ಸಾರುವೆಯ ಹಲಗೆಯಿಂದ ಅಪ್ಪ ಬಿದ್ದ. ಮೊಣಕಾಲ ಕೆಳಗೆ ಎಲುಬು ಎರಡು ಕಡೆ ಮುರಿದಿತ್ತು. ತೊಡೆಯವರೆಗೆ ಪ್ಲಾಸ್ಟರ್ ಪಟ್ಟಿ ಹಾಕಿ ಆಸ್ಪತ್ರೆಯಿಂದ ಕಳಿಸಿದರು. ಎದುರು ಮನೆಯ ನನ್ನ ಗೆಳತಿ ಸೆಲ್ವಿಯ ಮನೆಯವರು ತಮ್ಮ ಕಬ್ಬಿಣದ ಮಂಚ ಕೊಟ್ಟರು, ಅದು ನಮ್ಮ ಕೋಣೆಯ ಅರ್ಧ ಜಾಗ ತಿಂದುಬಿಟ್ಟಿತು. ಅಪ್ಪ ಅದರ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಮಾತೇ ಆಡಲಿಲ್ಲ. ಅವ್ವ ಮೂರು ಮನೆಯ ಕೆಲಸಕ್ಕೆ ಹೋಗಬೇಕಿತ್ತು. ನನಗೆ ರಜೆ ಇತ್ತಲ್ಲ, ನೀರು ಕೊಡುವುದು, ರೊಟ್ಟಿ ಮುರಿದು ಕೊಡುವುದು ನನ್ನ ಪಾಲಿಗೆ ಬಂತು. ಉಚ್ಚೆಯ ಡಬ್ಬಿ ಕೊಡಲು ಹೋದರೆ ಅಪ್ಪ ತಲೆ ಅಲ್ಲಾಡಿಸಿ ಬೇಡವೆನ್ನುತ್ತಿದ್ದ. ಅವ್ವ ಬರುವ ತನಕ ಹಲ್ಲು ಕಚ್ಚಿ ಮಲಗಿರುತ್ತಿದ್ದ. ಆ ಮುಖ ನೋಡಲಾಗದೆ ನಾನು ಹೊಸ್ತಿಲಲ್ಲಿ ಹೊರಗೆ ಮುಖ ಮಾಡಿ ಕೂರುತ್ತಿದ್ದೆ.

“ದುರ್ಗಪ್ಪ ಕಾಕಾ ಯಾಕ ಬರವಲ್ಲ?” ಎಂದು ಅವ್ವನನ್ನು ಒಮ್ಮೆ ಕೇಳಿದೆ.

“ಊರಿಗಿ ಹೋಗ್ಯಾನ,” ಎಂದಳು ಅವ್ವ. ಹಿಟ್ಟು ನಾದುತ್ತಿದ್ದ ಕೈ ನಿಲ್ಲಲಿಲ್ಲ, ತಲೆ ಎತ್ತಲೂ ಇಲ್ಲ.

ಅವ್ವ ಕೆಲಸ ಮಾಡುತ್ತಿದ್ದ ಒಂದು ಮನೆಯವರು ಬೇರೆ ಊರಿಗೆ ಹೊರಟಿದ್ದರು. ಹಳೆಯ ಕಂಪ್ಯೂಟರ್ ಬಿಸಾಕುವ ಬದಲು ನಿನ್ನ ಮಗಳಿಗೆ ಒಯ್ಯಿ ಎಂದರಂತೆ. ಕಂಪ್ಯೂಟರ್ ಕಲಿತರೆ ಮಗಳ ಬಾಳು ಬೇರೆಯಾಗುತ್ತದೆಂದು ಅವ್ವನಿಗೆ ಯಾರೋ ಹೇಳಿದ್ದರು. ಸೆಲ್ವಿಯ ಅಪ್ಪ ತಮ್ಮ ಆಟೋದಲ್ಲಿ ಅದನ್ನು ಹೊತ್ತು ತಂದರು. ಬೆನ್ನು ಉಬ್ಬಿದ ಟೀವಿಯಂಥದ್ದು. ಇಡಲು ಜಾಗವಿಲ್ಲದೆ ಮಂಚದ ತಲೆಗಡೆ ಟ್ರಂಕಿನ ಮೇಲೆ ಇಟ್ಟೆವು. ಹಚ್ಚಿ ಸ್ವಲ್ಪ ಹೊತ್ತಾದರೆ ಬಿಸಿ ಧೂಳಿನ ವಾಸನೆ ಕೋಣೆಯೆಲ್ಲ ತುಂಬುತ್ತಿತ್ತು.

ಅದರಲ್ಲಿ ಇದ್ದದ್ದು ಒಂದೇ ಆಟ. ಆ ಮನೆಯ ಹುಡುಗ ಬಿಟ್ಟುಹೋದದ್ದು. ಹೆಸರು ಇಂಗ್ಲಿಷಿನಲ್ಲಿತ್ತು, ನಾವು ಹುಳದ ಆಟ ಎನ್ನುತ್ತಿದ್ದೆವು. ಭೂಮಿಯಿಂದ ಆಕಾಶದ ಹಡಗಿನಲ್ಲಿ ಹೋದ ಅರವತ್ತು ಜನ ಬೇರೊಂದು ಗ್ರಹದಲ್ಲಿ ಇಳಿದಿರುತ್ತಾರೆ. ಅಲ್ಲಿ ಎಲ್ಲಿ ನೋಡಿದರೂ ಕೆಂಪು ನೆಲ. ಅವರಿಗೆ ನೀರಿನ ಬಾವಿ ತೋಡಿಸಬೇಕು, ಉಸಿರಾಡುವ ಗಾಳಿಯ ಯಂತ್ರ ನಿಲ್ಲಿಸಬೇಕು, ಮನೆ ಕಟ್ಟಬೇಕು, ಸುತ್ತ ಗೋಡೆ ಹಾಕಬೇಕು. ನಾಲ್ಕೈದು ದಿನಕ್ಕೊಮ್ಮೆ ಸೈರನ್ ಕೂಗುತ್ತದೆ. ಆಗ ದಿಗಂತದಿಂದ ಕಪ್ಪು ಹುಳಗಳು ಸಾಲುಗಟ್ಟಿ ಬರುತ್ತವೆ, ಒಂದೊಂದೂ ಮನೆಯಷ್ಟು ದೊಡ್ಡವು. ಹೀಗೆ ನೂರು ದಿನ ಊರು ಉಳಿಸಿಕೊಂಡರೆ ಎರಡನೇ ಹಡಗು ಬಂದು ಇಳಿಯುತ್ತದೆ, ನಾವು ಗೆದ್ದ ಹಾಗೆ. ಆಟದ ದಿನವೆಂದರೆ ನಮ್ಮ ಕಾಲು ಗಂಟೆ.

ಇದನ್ನೆಲ್ಲ ಓದಿ ಹೇಳಿದ್ದು ಸೆಲ್ವಿ. ನನ್ನ ವಯಸ್ಸಿನವಳೇ, ಆದರೆ ಇಂಗ್ಲಿಷ್ ಮೀಡಿಯಂ. ನನ್ನ ಹೆಸರು ಹುಲಿಗೆಮ್ಮ, ಅವಳು ಅದನ್ನು ಹುಲಿ ಮಾಡಿದ್ದಳು. ಅವಳು ಓದುವುದು, ನಾನು ಮೌಸ್ ಹಿಡಿಯುವುದು. ಮೊದಲ ನಾಲ್ಕು ಸಲ ನಮ್ಮ ಊರು ಹತ್ತನೇ ದಿನ ದಾಟಲಿಲ್ಲ.

ಐದನೆಯ ಸಲ ಗೋಡೆ ಕಟ್ಟುತ್ತಿದ್ದಾಗ ಹಿಂದಿನಿಂದ ದನಿ ಬಂತು.

“ಏ ಯವ್ವಾ, ಆ ಮೂಲಿ ನೋಡು. ಹಂಗ ಕಟ್ಟಿದ್ರ ನಿಂದರ್ತದೇನು?”

ತಿರುಗಿ ನೋಡಿದೆ. ಅಪ್ಪ ಮೊಣಕೈ ಊರಿ ಅರ್ಧ ಎದ್ದಿದ್ದ. ಗೋಡೆಯ ಕಡೆಗಿದ್ದ ಮುಖ ನಮ್ಮ ಕಡೆ ತಿರುಗಿತ್ತು. ಎಷ್ಟೋ ದಿನಗಳಾದ ಮೇಲೆ ಅವನ ದನಿ ಕೇಳಿದ್ದು ಅದು.

“ಹೆಂಗ ಕಟ್ಟಬೇಕಪ್ಪ?”

“ಊರು ದೊಡ್ಡದು ಮಾಡಬ್ಯಾಡ. ಕಾಯಾಕ ಆಗುವಷ್ಟ ಇರ್ಲಿ. ಮೊದ್ಲು ನೀರು ಒಳಗ ತಗೋ. ಬಾಗಲಾ ಒಂದ ಇಡು.”

ಅಂದು ನಮ್ಮ ಊರು ಇಪ್ಪತ್ತೆರಡನೇ ದಿನದವರೆಗೆ ನಿಂತಿತು. ಸೆಲ್ವಿ ಕುಣಿದಾಡಿದಳು. “ಅಂಕಲ್ ಸೂಪರ್ ಅಂಕಲ್! ನಾಳೆ ಬೆಳಗ್ಗೆನೇ ಬಂದ್ಬಿಡ್ತೀನಿ,” ಎಂದಳು. ಅಪ್ಪ ನಗಲಿಲ್ಲ. ಆದರೆ ಅವತ್ತು ಅವನೇ ಕೇಳಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಅಲ್ಲಿಂದ ಏಪ್ರಿಲ್, ಮೇ ಎರಡೂ ತಿಂಗಳು ನಮ್ಮ ಮೂವರ ಕಸುಬು ಅದೇ ಆಯಿತು. ಅವ್ವ ಕೆಲಸಕ್ಕೆ ಹೊರಟ ಕೂಡಲೇ ಸೆಲ್ವಿ ಬರುತ್ತಿದ್ದಳು, ಕೈಯಲ್ಲಿ ಅವರಮ್ಮ ಕಳಿಸಿದ ಹುಳಿಯನ್ನದ ಡಬ್ಬಿ. ನಾವು ಶೇಂಗಾ ಚಟ್ನಿ, ರೊಟ್ಟಿ ಕೊಡುತ್ತಿದ್ದೆವು. ಅಪ್ಪನಿಗೆ ಎರಡು ದಿಂಬು ಒತ್ತುಗೊಟ್ಟು ಕೂರಿಸುತ್ತಿದ್ದೆವು. ಆಟದಲ್ಲಿನ ಜನಕ್ಕೆ ಒಬ್ಬೊಬ್ಬರಿಗೂ ಒಂದೊಂದು ಇಂಗ್ಲಿಷ್ ಹೆಸರಿತ್ತು. ಅವು ಅಪ್ಪನ ನಾಲಿಗೆಗೆ ಹತ್ತಲಿಲ್ಲ, ಹೀಗಾಗಿ ನಾವು ನಮ್ಮೂರಿನ ಹೆಸರು ಇಟ್ಟೆವು. ಔಷಧಿ ಕೊಡುವವಳು ಸೂಲಗಿತ್ತಿ ಈರಮ್ಮ, ಯಂತ್ರ ರಿಪೇರಿಯವನು ಕಮ್ಮಾರ ಮಾನಪ್ಪ, ಸೊಪ್ಪು ಬೆಳೆಯುವವನು ಗೌಡರ ತ್ವಾಟದ ಬಸ್ಸ. ಹೆಸರಿಡುವಾಗ ಅಪ್ಪ ಒಬ್ಬೊಬ್ಬರ ಕತೆ ಹೇಳುತ್ತಿದ್ದ. ಕರೆಂಟು ಹೋದರೆ ಇನ್ನೂ ಹೆಚ್ಚು ಹೇಳುತ್ತಿದ್ದ. ಅವನ ಅಪ್ಪ ಮಣ್ಣಿನ ಗೋಡೆ ಮೆತ್ತುತ್ತಿದ್ದದ್ದು, ಬೆಂಗಳೂರಿಗೆ ಮೊದಲ ಸಲ ಬಂದಾಗ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಇಳಿದು ಅಲ್ಲಿಯವರ ತಮಿಳು, ಉರ್ದು ತಿಳಿಯದೆ ಶಿವಾಜಿನಗರದ ಸಂತೆಯಲ್ಲಿ ದಾರಿ ತಪ್ಪಿದ್ದು. ಇಷ್ಟು ಮಾತು ಇವನಲ್ಲಿ ಎಲ್ಲಿತ್ತು ಎಂದು ನನಗೆ ಆಶ್ಚರ್ಯ.

ಕಲ್ಲು ಅಗೆಯುವ ಒಬ್ಬ ಆಳಿದ್ದ, ನಡೆಯುವಾಗ ಭುಜ ಕುಣಿಸುತ್ತಿದ್ದ. “ಇಂವ ದುರ್ಗಪ್ಪ ಕಾಕಾ,” ಎಂದೆ ನಾನು.

ಅಪ್ಪ ಥಟ್ಟನೆ, “ಆ ಹೆಸರ ಬ್ಯಾಡ. ಬ್ಯಾರೆ ಇಡು,” ಎಂದ.

ಮಲ್ಲಣ್ಣ ಎಂದು ಇಟ್ಟೆವು. ಆದರೆ ನನ್ನ ಮನಸ್ಸಿನಲ್ಲಿ ಅವನು ದುರ್ಗಪ್ಪ ಕಾಕಾನೇ ಆಗಿ ಉಳಿದ.

ಅಪ್ಪನ ಒಂದು ನಿಯಮ ಮಾತ್ರ ಸೆಲ್ವಿಗೆ ಸಿಟ್ಟು ತರಿಸುತ್ತಿತ್ತು. ಸೈರನ್ ಕೂಗಿದ ಮೇಲೆ ಹೊರಗಿದ್ದವರೆಲ್ಲ ಒಳಗೆ ಬರುವ ತನಕ ಬಾಗಿಲು ಹಾಕುವಂತಿಲ್ಲ. ಬಂದವರ ತಲೆ ಅಪ್ಪ ಬೆರಳು ಮಡಚಿ ಎಣಿಸುತ್ತಿದ್ದ. ಒಬ್ಬ ಹೊರಗೆ ಉಳಿದರೂ, ಊರು ಉಳಿದಿದ್ದರೂ, “ಹಿಂದಕ ಹೋಗು,” ಎನ್ನುತ್ತಿದ್ದ. ಆ ಆಟದಲ್ಲಿ ಒಂದು ಸೌಲಭ್ಯವಿತ್ತು. ಎಲ್ಲಿಯವರೆಗೆ ಆಡಿದ್ದೇವೋ ಅದನ್ನು ಉಳಿಸಿಡಬಹುದು, ತಪ್ಪಾದರೆ ಮತ್ತೆ ಅಲ್ಲಿಂದಲೇ ಶುರು ಮಾಡಬಹುದು. ಉಳಿಸಿಡಲು ಇದ್ದದ್ದು ಒಂದೇ ಜಾಗ. ಹೊಸದು ಉಳಿಸಿದರೆ ಹಳೆಯದು ಅಳಿಸಿಹೋಗುತ್ತಿತ್ತು.

“ಅಂಕಲ್, ಒಬ್ನೇ ಒಬ್ಬ ಹೋಗಿರೋದು. ಮೂರು ದಿನ ಮತ್ತೆ ಆಡ್ಬೇಕಾ? ಗೇಮ್ ಅಂಕಲ್ ಇದು, ಪರ್ವಾಗಿಲ್ಲ ಬಿಡಿ,” ಎಂದಳು ಒಮ್ಮೆ ಸೆಲ್ವಿ.

“ನಿನಗ ಪರವಾಗಿಲ್ಲ ಯವ್ವಾ. ಅವನ ಹೆಣ್ತಿಗಿ ಏನಂತ ಹೇಳ್ತಿ?” ಎಂದ ಅಪ್ಪ.

ನಗೆಯಾಟಕ್ಕೆ ಹೇಳಿದನೆಂದು ನಾವಿಬ್ಬರೂ ನಕ್ಕೆವು. ಅವನು ನಗಲಿಲ್ಲ. ಹಾಗೆ ಹಿಂದೆ ಹೋಗಿ, ಮುಂದೆ ಬಂದು, ಮತ್ತೆ ಹಿಂದೆ ಹೋಗಿ, ಮೇ ಮುಗಿಯುವ ಹೊತ್ತಿಗೆ ನಾವು ತೊಂಬತ್ತನಾಲ್ಕನೇ ದಿನ ಮುಟ್ಟಿದ್ದೆವು. ಅರವತ್ತು ಜನರಲ್ಲಿ ಒಬ್ಬರೂ ಸತ್ತಿರಲಿಲ್ಲ.

ಪಟ್ಟಿ ಬಿಚ್ಚಿಸಲು ಅಪ್ಪ ಆಸ್ಪತ್ರೆಗೆ ಹೋಗಬೇಕಾದ ದಿನ ಬಂತು. ಅವ್ವ ಕೆಲಸಕ್ಕೆ ರಜೆ ಹಾಕಿದಳು, ಸೆಲ್ವಿಯ ಅಪ್ಪ ಆಟೋ ತಂದರು. ಹೊರಡುವ ಮುಂಚೆ ಅಪ್ಪ ನನ್ನನ್ನು ಕರೆದ. “ಯವ್ವಾ, ನಾ ಬರೂತನ ಮುಟ್ಟಬ್ಯಾಡ. ಆರ ದಿನ ಉಳದಾವ. ಕೂಡೇ ಆಡೋಣು.”

“ಹ್ಞೂಂ ಅಪ್ಪ,” ಎಂದೆ. ನಿಜವಾಗಿಯೂ ಮುಟ್ಟಬಾರದೆಂದೇ ಇದ್ದೆ. ಆದರೆ ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಸೆಲ್ವಿ ಬಂದು ಮಂಚದ ಮೇಲೆ ಕಾಲು ಅಲ್ಲಾಡಿಸುತ್ತ ಕೂತಳು. “ಗೆದ್ದು ಇಟ್ಟಿರೋಣ ಮಗಾ. ಅಂಕಲ್ ಬಂದಾಗ ಹಡಗು ಇಳಿಯೋದು ತೋರ್ಸೋಣ. ಎಷ್ಟು ಖುಷಿ ಆಗ್ತಾರೆ ನೋಡು.”

ಅಪ್ಪ ಖುಷಿಯಾಗುತ್ತಾನೆ ಎಂಬ ಮಾತಿಗೆ ನಾನು ಸೋತೆ.

ತೊಂಬತ್ತೆಂಟನೇ ದಿನ ಗೋಡೆಗೆ ಕಲ್ಲು ಸಾಲದೆ ಬಂತು. ಮಲ್ಲಣ್ಣನನ್ನು ಹೊರಗೆ ಕಳಿಸಿದೆ. ಅವನು ಗುಡ್ಡದ ಬುಡ ಮುಟ್ಟುವಷ್ಟರಲ್ಲಿ ಸೈರನ್ ಕೂಗಿತು. ಅಷ್ಟು ಹುಳ ಅದಕ್ಕೂ ಮುಂಚೆ ಎಂದೂ ಬಂದಿರಲಿಲ್ಲ, ಪರದೆಯ ಅಂಚೆಲ್ಲ ಕಪ್ಪಾಯಿತು. ಮಲ್ಲಣ್ಣ ಕಲ್ಲು ಹೊತ್ತುಕೊಂಡು ಭುಜ ಕುಣಿಸುತ್ತ ನಿಧಾನವಾಗಿ ಬರುತ್ತಿದ್ದ. ಹೊರೆ ಇದ್ದರೆ ಆ ಆಟದಲ್ಲಿ ಯಾರೂ ಓಡುತ್ತಿರಲಿಲ್ಲ.

“ಗೇಟ್ ಹಾಕು ಹುಲಿ! ಹಾಕು! ಎಲ್ರೂ ಹೋಗ್ಬಿಡ್ತಾರೆ!” ಸೆಲ್ವಿ ನನ್ನ ಭುಜ ಹಿಡಿದು ಅಲುಗಾಡಿಸಿದಳು.

ಅವನು ಬಾಗಿಲಿಗೆ ಬಹಳ ಹತ್ತಿರ ಬಂದಿದ್ದ. ನಾನು ಬಾಗಿಲು ಹಾಕಿದೆ.

ಊರು ಉಳಿಯಿತು. ನೂರನೇ ದಿನ ಹಡಗು ಇಳಿಯಿತು, ಆಕಾಶದಿಂದ ಬಣ್ಣ ಉದುರಿತು, ಐವತ್ತೊಂಬತ್ತು ಜನ ಕೈ ಬೀಸಿದರು. ಸೆಲ್ವಿ ಹೇಳಿದಂತೆ ನಾನು ಅದನ್ನು ಉಳಿಸಿದೆ. ಅಪ್ಪನಿಗೆ ತೋರಿಸಬೇಕಲ್ಲ.

ಆಟೋ ಬಂದ ಸದ್ದಿಗೆ ಓಡಿದೆ. ಅಪ್ಪ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಅವ್ವನ ಹೆಗಲ ಮೇಲೆ ಹಾಕಿ ಇಳಿಯುತ್ತಿದ್ದ. ಪಟ್ಟಿಯಿಂದ ಹೊರಬಂದ ಕಾಲು ಬೆಳ್ಳಗೆ ಸುಲಿದ ಕಬ್ಬಿನಂತೆ ಸಣ್ಣಗಾಗಿತ್ತು. ಮುಖದಲ್ಲಿ ಸುಸ್ತಿದ್ದರೂ ನನ್ನನ್ನು ನೋಡಿ ಸ್ವಲ್ಪ ನಕ್ಕ.

“ಗೆದ್ವಿ ಅಪ್ಪ! ಹಡಗ ಬಂತು!”

“ಆಡಿದ್ಯಾ?” ಎಂದ. ಬೈಗುಳವಿರಲಿಲ್ಲ ದನಿಯಲ್ಲಿ. ಒಳಗೆ ಬಂದು ಮಂಚದ ಮೇಲೆ ಕೂತು, ಉಸಿರು ತಿರುಗಿಸಿಕೊಂಡು, ಪರದೆ ನೋಡಿದ. ಬೆರಳು ಮಡಚತೊಡಗಿದ.

“ಒಬ್ಬ ಕಡಿಮಿ ಅದಾನಲ್ಲ?”

“ಒಬ್ಬಾಂವ ಅಷ್ಟ, ಅಪ್ಪ. ಬಾಗಲಾ ಹಾಕಲಿಲ್ಲಂದ್ರ ಎಲ್ಲಾರೂ ಸಾಯ್ತಿದ್ರು.”

“ಯಾಂವ?”

ನನಗೆ ಮಲ್ಲಣ್ಣ ಎಂಬ ಹೆಸರು ನೆನಪಾಗಲಿಲ್ಲ. ಗಾಬರಿಯಲ್ಲಿ ಮನಸ್ಸಿನಲ್ಲಿದ್ದದ್ದೇ ಬಾಯಿಗೆ ಬಂತು. “ದುರ್ಗಪ್ಪ ಕಾಕಾ. ಕಲ್ಲ ತರಾಕ ನಾನ ಕಳಿಸಿದ್ದೆ.”

ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಅವ್ವ ಹಾಗೇ ನಿಂತಳು. ಆಮೇಲೆ ಅಪ್ಪ ಬಹಳ ಮೆಲ್ಲಗೆ, “ಹಿಂದಕ ಹೋಗು,” ಎಂದ.

“ಬರಂಗಿಲ್ಲ ಅಪ್ಪ. ಗೆದ್ದ ಮ್ಯಾಲ ಉಳಿಸೀನಿ. ಹಳೀದು ಹೋತು.”

“ಹೋಗಾಕ ಬರ್ತದ. ದಿನಾ ಹೋಗ್ತಿದ್ವಲ್ಲ. ಹೋಗು.”

“ಇಲ್ಲಪ್ಪ—”

“ಹಿಂದಕ ಹೋಗಂದ್ನಿ!” ಎಂದು ಕೂಗಿದವನು ನನ್ನ ಕೈಯಿಂದ ಮೌಸ್ ಕಿತ್ತುಕೊಂಡ. ಅದನ್ನು ಹಿಡಿಯುವುದು ಅವನಿಗೆ ಗೊತ್ತಿರಲಿಲ್ಲ. ಗಾರೆ ತಿಕ್ಕಿದಂತೆ ಟ್ರಂಕಿನ ಮೇಲೆ ತಿಕ್ಕಿದ. ಪರದೆಯಲ್ಲಿ ಬಾಣ ಸುಮ್ಮನೆ ಅತ್ತಿತ್ತ ಓಡಾಡಿತು. ಸೆಲ್ವಿ ಹೆದರಿ ತನ್ನ ಮನೆಗೆ ಓಡಿದಳು. ಮೌಸ್ ಬಿಟ್ಟು ಅಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವನ ಬೆನ್ನು ಅಲುಗಿತು. ಅಪ್ಪಂದಿರೂ ಅಳುತ್ತಾರೆಂದು ನನಗೆ ತಿಳಿದದ್ದು ಆಗ.

“ಮಗಳ ಮುಂದ ಬ್ಯಾಡರೀ,” ಎಂದಳು ಅವ್ವ.

“ಆಕಿಗಿ ಗೊತ್ತಾಗ್ಲಿ,” ಎಂದ ಅಪ್ಪ. ಮುಖದಿಂದ ಕೈ ತೆಗೆಯದೆಯೇ ಹೇಳಿದ. “ದುರ್ಗ್ಯಾ ಊರಿಗಿ ಹೋಗಿಲ್ಲ ಯವ್ವಾ. ಅವತ್ತ ನನ್ನ ಕೂಡ ಬಿದ್ದ. ಹಲಗಿ ಮ್ಯಾಲ ನಾ ಗ್ವಾಡಿ ಕಡೆ ಇದ್ದೆ. ಗಾರಿ ಮೆತ್ತೂ ಕರಣಿ ಆ ತುದ್ಯಾಗಿತ್ತು, ತಂದ ಕೊಡು ಲೇ ಅಂದೆ. ನಗಕೋತ ಹೋದ. ಆ ತುದಿ ಹಗ್ಗ ಹರೀತು. ನಾ ಬಿದ್ದದ್ದು ಉಸುಕಿನ ಮ್ಯಾಲ, ಅಂವ ಬಿದ್ದದ್ದು ಕಲ್ಲಿನ ಮ್ಯಾಲ. ನಾನ ಕಳಿಸಿದ್ದೆ ಯವ್ವಾ. ನಾನ.”

ನನಗೆ ಹತ್ತು ವರ್ಷ. ಹೋಗಿ ಅವನ ಸಣಕಲು ಕಾಲಿನ ಮೇಲೆ ಕೈ ಇಟ್ಟೆ. ಪಟ್ಟಿಯ ಪುಡಿ ಇನ್ನೂ ಅಂಟಿತ್ತು, ಚರ್ಮ ತಣ್ಣಗಿತ್ತು. ಅವನು ನನ್ನ ಕೈ ತಳ್ಳಲಿಲ್ಲ. ಅವ್ವ ಒಲೆ ಹಚ್ಚಿ ಚಹಾಕ್ಕೆ ಇಟ್ಟಳು. ಮೂವರೂ ಕುಡಿದೆವು.

ಅದಾದ ಮೇಲೆ ಅಪ್ಪ ಆ ಪರದೆಯ ಮುಂದೆ ಕೂರಲಿಲ್ಲ. ಬೆಳಗ್ಗೆ ಕೋಲು ಹಿಡಿದು ಸಂದಿಯ ತುದಿಯವರೆಗೆ ನಡೆದು ಬರುತ್ತಿದ್ದ, ಕೆಲವು ದಿನಕ್ಕೆ ಮಾರ್ಕೆಟ್ಟಿನವರೆಗೆ. ಶಾಲೆ ಶುರುವಾಗಿ ತಿಂಗಳಿಗೆ ಕೆಲಸಕ್ಕೆ ಹೋದ. ಮೊದಲು ನೆಲದ ಮೇಲಿನ ಕೆಲಸ ಕೊಟ್ಟರಂತೆ. ಆಮೇಲೆ ಒಂದು ಸಂಜೆ ಅವ್ವನಿಗೆ, “ಇವತ್ತ ಮ್ಯಾಲ ಹತ್ತಿದ್ನಿ,” ಎಂದಷ್ಟೇ ಹೇಳಿದ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

ಸೆಲ್ವಿ ಮತ್ತು ನಾನು ದಸರಾ ರಜೆಯಲ್ಲಿ ಒಮ್ಮೆ ಆಟ ಮೊದಲಿನಿಂದ ಶುರು ಮಾಡಿದೆವು. ಮೂವತ್ತನೇ ದಿನ ಇಬ್ಬರು ಹೊರಗೆ ಉಳಿದರು. ಹಿಂದೆ ಹೋಗೋಣ ಎಂದು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಆಡುತ್ತ ಹೋದೆವು, ಸ್ವಲ್ಪ ಹೊತ್ತಿಗೆ ಬೇಜಾರಾಗಿ ಆರಿಸಿದೆವು. ಮರುವರ್ಷ ಪರದೆ ಸುಟ್ಟುಹೋಯಿತು, ಅವ್ವ ಅದನ್ನು ಗುಜರಿಯವನಿಗೆ ಕೊಟ್ಟಳು. ಸೆಲ್ವಿಯ ಮನೆಯವರು ಹೊಸೂರು ಕಡೆ ಹೋದರು. ವಠಾರವಿದ್ದ ಜಾಗದಲ್ಲಿ ಈಗ ನಾಲ್ಕು ಮಹಡಿಯ ಪಿ.ಜಿ. ನಿಂತಿದೆ. ಅದರ ಗೋಡೆ ಯಾರು ಕಟ್ಟಿದರೋ.

ಕಂಪ್ಯೂಟರಿನಿಂದ ನನ್ನ ಬಾಳು ಬೇರೆಯೇನೂ ಆಗಲಿಲ್ಲ. ನಾನೀಗ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತೇನೆ. ಬೆಳಗಿನ ಆರಕ್ಕೆ ಸ್ಕೂಟರ್ ಹತ್ತಿದರೆ ಮನೆಮನೆಗೆ ಹೋಗಬೇಕು, ಎಲ್ಲರೂ ಖಾಲಿ ಹೊಟ್ಟೆಯಲ್ಲಿ ಸಿಡುಕುತ್ತ ಕಾದಿರುತ್ತಾರೆ. ಮಧ್ಯಾಹ್ನದ ಮೇಲೆ ಲ್ಯಾಬಿನಲ್ಲಿ ನಿಂತೇ ಇರುವ ಕೆಲಸ. ಗಂಡ, ಮಗು, ಕೆ.ಆರ್. ಪುರದಲ್ಲಿ ಬಾಡಿಗೆ ಮನೆ. ಅಪ್ಪನಿಗೆ ಭುಜ ಎತ್ತಲಾಗದೆ ಕರಣೆ ಬಿಟ್ಟು ನಾಲ್ಕು ವರ್ಷವಾಯಿತು. ಕಮ್ಮನಹಳ್ಳಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್, ಅಲ್ಲೇ ಕೆಳಗಿನ ಕೋಣೆಯಲ್ಲಿ ಅವ್ವನೂ ಅವನೂ ಇರುತ್ತಾರೆ. ಕಮ್ಮನಹಳ್ಳಿಗೂ ಕೆ.ಆರ್. ಪುರಕ್ಕೂ ದೂರವೇನಿಲ್ಲ. ಆದರೂ ತಿಂಗಳಿಗೊಮ್ಮೆ ಹೋಗುವುದೂ ಆಗುವುದಿಲ್ಲ. ಅವನಿಗೆ ರಜೆ ಇದ್ದಾಗ ನನಗಿಲ್ಲ, ನನಗೆ ಇದ್ದಾಗ ಮೈ ಏಳುವುದಿಲ್ಲ.

ಒಂದು ಮನೆಯ ಮನುಷ್ಯ ಹಗಲು ಹೊತ್ತು ಮನೆಯಲ್ಲಿರಬೇಕಾದರೆ ಅವನ ಕಾಲು ಮುರಿಯಬೇಕಾಯಿತು, ಒಬ್ಬ ಸಾಯಬೇಕಾಯಿತು. ಹಾಗೆ ಸಿಕ್ಕ ದಿನಗಳನ್ನು ಒಳ್ಳೆಯ ದಿನಗಳೆಂದು ನೆನೆಯಲು ನನಗೆ ಈಗಲೂ ನಾಚಿಕೆ. ಆದರೆ ಅಪ್ಪ ನನ್ನ ಜೊತೆ ಮಾತಾಡಿದ್ದು ಆ ಬೇಸಿಗೆಯಲ್ಲಿ ಮಾತ್ರ. ಅದಕ್ಕೂ ಮುಂಚೆ ಅವನಿಗೆ ಬಿಡುವಿರಲಿಲ್ಲ, ಆಮೇಲೆ ಇಬ್ಬರಿಗೂ ಇಲ್ಲ.

ಈಗ ಎರಡು ದಿನಕ್ಕೊಮ್ಮೆ ಫೋನ್ ಮಾಡುತ್ತಾನೆ. ಹೆಚ್ಚಾಗಿ ನಾನು ಸಿಗ್ನಲ್ಲಿನಲ್ಲಿ ನಿಂತಿರುತ್ತೇನೆ.

“ಉಂಡ್ಯಾ ಯವ್ವಾ?”

“ಉಂಡೆ ಅಪ್ಪ. ನೀ?”

“ಆತು. ಮತ್ತೇನು?”

“ಏನಿಲ್ಲಪ್ಪ.”

“ಹಂಗಾರ ಫೋನ್ ಇಡಲಿ?”

“ಇಡಪ್ಪ.”

ಇಬ್ಬರೂ ತಕ್ಷಣ ಇಡುವುದಿಲ್ಲ. ಆ ಕಡೆ ಯಾರದೋ ಕಾರಿಗೆ ಗೇಟು ತೆರೆಯುವ ಸದ್ದು ಕೇಳುತ್ತದೆ. ಆಮೇಲೆ ಯಾರೋ ಒಬ್ಬರು ಇಡುತ್ತೇವೆ.